ಫೈಲುಗಳೆಲ್ಲ ನೀಲಿಯಾದ ದಿನ

ಡಿಸ್ಕಿನಲ್ಲಿ ಜಾಗ ಮುಗಿಯುತ್ತಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಮೊದಲ ಸಲ ಮೂಡಿದಾಗ ನಾನು ಮಾಡಿದ ಮೊದಲ ಕೆಲಸ ಮಾನಿಟರ್ ಆರಿಸಿದ್ದು. ಕಣ್ಣಿಗೆ ಕಾಣದಿದ್ದರೆ ಚಿಂತೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ನನ್ನ ಆಗಿನ ಸಿದ್ಧಾಂತ. ಈಗ ಐವತ್ತರ ಹತ್ತಿರ ಬಂದಿದ್ದೇನೆ, ಸಿದ್ಧಾಂತ ಬದಲಾಗಿಲ್ಲ. ಲ್ಯಾಬಿನಿಂದ ಬಂದ ರಕ್ತಪರೀಕ್ಷೆಯ ಲಕೋಟೆಯನ್ನು ಈಗಲೂ ಎರಡು ದಿನ ಬೀರುವಿನಲ್ಲಿ ಕೂಡಿಹಾಕಿ, ಅದು ಸ್ವಲ್ಪ ಶಾಂತವಾಯಿತು ಅನ್ನಿಸಿದ ಮೇಲೆ ತೆರೆಯುತ್ತೇನೆ.

ಆಗ ನನಗೆ ಇಪ್ಪತ್ತಮೂರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತೂಬಗೆರೆಯಿಂದ ದಿನಾ ಬೆಳಗಿನ ಬಸ್ಸು ಹಿಡಿದು ದೊಡ್ಡಬಳ್ಳಾಪುರಕ್ಕೆ ಬಂದು, ಒಂದು ಸೀರೆ ಡಿಸೈನ್ ಅಂಗಡಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ನನ್ನ ಆರು ತಿಂಗಳ ಕೋರ್ಸಿನ ಸರ್ಟಿಫಿಕೇಟಿಗೆ ಅಪ್ಪ ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕದಲ್ಲೇ ತೂಗುಹಾಕಿದ್ದರು. ದಿನಾ ಬೆಳಗ್ಗೆ ಊದುಬತ್ತಿಯ ಹೊಗೆ ಅದಕ್ಕೂ ಸಲ್ಲುತ್ತಿತ್ತು. ಇಷ್ಟಾದ ಮೇಲೆ ಕೆಲಸ ಕಳೆದುಕೊಂಡು ಮನೆಗೆ ಹೋಗುವ ಸ್ವಾತಂತ್ರ್ಯ ನನಗೆಲ್ಲಿ ಬರಬೇಕು?

ಅಂಗಡಿ ಎಂದರೆ ಒಂದು ಮನೆಯ ಮುಂದಿನ ಕೋಣೆ. ಯಜಮಾನರನ್ನು ಊರೆಲ್ಲ ಮಾಸ್ಟರು ಎನ್ನುತ್ತಿತ್ತು. ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಸೀರೆಯ ಅಂಚು, ಸೆರಗು ಬರೆಯುವುದು ಅವರ ಕಸುಬು. ಆ ಚೌಕಗಳ ಲೆಕ್ಕದಲ್ಲಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು, ಕಾರ್ಡುಗಳನ್ನು ಸಾಲಾಗಿ ಹೊಲಿದು ಮಗ್ಗದ ಮೇಲೆ ತೂಗುಹಾಕಿದರೆ, ಯಾವ ಎಳೆ ಮೇಲೇಳಬೇಕು, ಯಾವುದು ಸುಮ್ಮನಿರಬೇಕು ಎಂದು ಮಗ್ಗಕ್ಕೆ ತಿಳಿಯುತ್ತದೆ. ಕಂಪ್ಯೂಟರ್ ಬಂದ ಮೇಲೆ ಮಾಸ್ಟರು ಬರೆದ ಗ್ರಾಫನ್ನು ನಾನು ಸ್ಕ್ಯಾನ್ ಮಾಡಿ, ತಿದ್ದಿ, ಫೈಲ್ ಮಾಡಿ, ಫ್ಲಾಪಿಗೆ ಹಾಕಿ ಕೊಡುತ್ತಿದ್ದೆ. ತೂತು ಹೊಡೆಯುವ ಮಿಷನ್ನು ಮುಂದಿನ ಬೀದಿಯಲ್ಲಿತ್ತು.

ಕೋಣೆಯ ಗೋಡೆ ತುಂಬ ಮೊಳೆಗಳು. ಒಂದೊಂದು ಮೊಳೆಗೆ ಒಂದೊಂದು ಡಿಸೈನಿನ ಮೂಲ ಕಾರ್ಡಿನ ಕಟ್ಟು, ನೇಯುವವರಿಗೆ ಹೋಗುವುದು ಅದರ ನಕಲು. ಕೆಲವು ಕಟ್ಟುಗಳ ತಲೆಗೆ ನೀಲಿ ರೇಷ್ಮೆ ದಾರ ಕಟ್ಟಿರುತ್ತಿತ್ತು. ಅದು ನಮ್ಮ ಅಂಗಡಿಯ ಕಾನೂನು. ನೇಯುವವರು ಯಾರಾದರೂ ಒಂದು ಡಿಸೈನನ್ನು ಮೆಚ್ಚಿ ತಮಗೊಬ್ಬರಿಗೇ ಬೇಕು ಎಂದರೆ, ಮಾಸ್ಟರ ಹೆಂಡತಿ, ನಮಗೆಲ್ಲ ಅಮ್ಮನವರು, ಒಳಗಿನಿಂದ ಬಂದು ಆ ಕಟ್ಟಿಗೆ ನೀಲಿ ದಾರ ಸುತ್ತಿ ಗಂಟು ಹಾಕುತ್ತಿದ್ದರು. ಆರು ತಿಂಗಳು ಅದನ್ನು ಬೇರೆ ಯಾರಿಗೂ ಕೊಡುವ ಹಾಗಿಲ್ಲ, ಬೇರೆಯವರು ಕೇಳುವ ಹಾಗೂ ಇಲ್ಲ. ಬರಹವಿಲ್ಲ, ಸಹಿಯಿಲ್ಲ, ಗಂಟೇ ಮಾತು. ಸೋಮವಾರ ಒಬ್ಬರ ಮಗ್ಗದಲ್ಲಿ ಚೆನ್ನಾಗಿ ಕಂಡ ಅಂಚು ಶನಿವಾರದ ಹೊತ್ತಿಗೆ ಐದು ಮನೆಗಳ ಮಗ್ಗದಲ್ಲಿ ಕಾಣುವ ಊರಿನಲ್ಲಿ ಆ ಒಂದು ಗಂಟಿಗೆ ಬಹಳ ಬೆಲೆಯಿತ್ತು.

ಈಗ ಡಿಸ್ಕಿನ ವಿಚಾರಕ್ಕೆ ಬರುತ್ತೇನೆ. ಮಾನಿಟರ್ ಆರಿಸಿದರೂ ಡಿಸ್ಕು ಖಾಲಿಯಾಗಲಿಲ್ಲ. ಮೂರನೆಯ ದಿನ, ನಮಗೆ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ಬೆಂಗಳೂರಿನವನಿಗೆ ಫೋನ್ ಮಾಡಿದೆ.

"ಅಯ್ಯೋ, ಅಷ್ಟೇನಾ ಮೇಡಮ್? ಕಂಪ್ರೆಸ್ ಮಾಡ್ಬಿಡಿ. ಡ್ರೈವ್ ಮೇಲೆ ರೈಟ್ ಕ್ಲಿಕ್ಕು, ಪ್ರಾಪರ್ಟೀಸು, ಒಂದು ಟಿಕ್ಕು. ಮುಗೀತು."

"ಫೈಲು ಹಾಳಾಗಲ್ವಾ?"

"ಹಾಸಿಗೆ ಮಡ್ಚಿಟ್ರೆ ಹಾಳಾಗತ್ತಾ? ಮಡ್ಚಿದ್ರೆ ಜಾಗ ಉಳೀತದೆ, ಬಿಚ್ಚಿದ್ರೆ ಅದೇ ಹಾಸಿಗೆ."

ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ಮಾಸ್ಟರು ಗಾಬರಿಯಾದರು. "ಏನಮ್ಮಾ, ಡಿಸೈನ್‌ನ ಅಮುಕ್ತೀಯಾ? ಮಾವಿನಕಾಯಿ ಚಪ್ಪಟೆ ಆಗ್ಬಿಟ್ರೆ?"

"ಹಂಗೆಲ್ಲ ಆಗಲ್ಲ ಸಾರ್," ಎಂದು ನಕ್ಕೆ. ಅವರು ಊಟಕ್ಕೆ ಒಳಗೆ ಹೋದ ಮೇಲೆ ಕಂಪ್ರೆಸ್ ಮಾಡಿದೆ. ಆಮೇಲೆ ಅವರ ಮಾವಿನಕಾಯಿ ಅಂಚನ್ನು ತೆರೆದು, ಪರದೆಯ ಮೇಲೆ ಬೆರಳಿಟ್ಟು, ಅಗಲಕ್ಕೆ ಎಷ್ಟು ಚೌಕ ಎಂದು ಎಣಿಸಿದೆ. ಗ್ರಾಫ್ ಹಾಳೆಯಲ್ಲಿ ಎಷ್ಟಿದ್ದವೋ ಅಷ್ಟೇ ಇದ್ದವು. ಸಮಾಧಾನವಾಗದೆ ಎತ್ತರವನ್ನೂ ಎಣಿಸಿದೆ.

ಚಿಂತೆ ಅಷ್ಟಕ್ಕೇ ನಿಲ್ಲಲಿಲ್ಲ. ಯಾವುದು ಮಡಚಿದ ಫೈಲು, ಯಾವುದು ಮಡಚದ ಫೈಲು ಎಂದು ನನಗೆ ಗೊತ್ತಾಗುವುದು ಹೇಗೆ? ಮತ್ತೆ ಫೋನ್ ಮಾಡಿದೆ. ಆತ ತಾಳ್ಮೆಯ ಮನುಷ್ಯ. ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಆಪ್ಶನ್ಸ್ ಅಂತ ಇದೆ, ಅದರಲ್ಲಿ ಕಂಪ್ರೆಸ್ ಆದವನ್ನು ಬೇರೆ ಬಣ್ಣದಲ್ಲಿ ತೋರಿಸುವ ಒಂದು ಚೌಕ ಇದೆ, ಟಿಕ್ ಹಾಕಿ ಎಂದ. ನನ್ನಂಥ ಪುಕ್ಕಲರಿಗೆಂದೇ ಯಾವನೋ ಪುಣ್ಯಾತ್ಮ ಇಟ್ಟ ಚೌಕ ಅದು. ಟಿಕ್ ಹಾಕಿದೆ. ಫೈಲುಗಳ ಹೆಸರುಗಳೆಲ್ಲ ಮೇಲಿಂದ ಕೆಳಗಿನವರೆಗೆ ಚಂದದ ನೀಲಿಗೆ ತಿರುಗಿದವು. ಹಾಯಾಗಿ ಐದೂವರೆ ಬಸ್ಸಿಗೆ ಹೊರಟೆ. ಹಿಂದಿನ ಗೋಡೆಯಲ್ಲಿ ಅದೇ ಬಣ್ಣದ ದಾರಗಳು ನೇತಾಡುತ್ತಿದ್ದುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಜಗತ್ತಿನ ಎಲ್ಲದರ ಬಗ್ಗೆಯೂ ಚಿಂತಿಸುವವರು ಚಿಂತಿಸಬೇಕಾದ ಒಂದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಮಾರನೆಯ ಬೆಳಗ್ಗೆ ಮೊದಲು ಬಂದವರು ಎರಡು ಮಗ್ಗದ ಒಬ್ಬ ಗಿರಾಕಿ. ಊರಿನ ಸುದ್ದಿ ಅವರ ಬಾಯಿಯ ಮೂಲಕವೇ ಹಾದುಹೋಗಬೇಕು, ಅಂಥವರು. ಮಾಸ್ಟರು ಕಂಪ್ಯೂಟರಿನ ಮುಖವನ್ನು ಬಾಗಿಲ ಕಡೆಗೇ ತಿರುಗಿಸಿ ಇಡಿಸಿದ್ದರು, ಬೀದಿಯಲ್ಲಿ ಹೋಗುವವರಿಗೂ ಕಾಣಲಿ ಎಂದು. ಗಿರಾಕಿ ಹೊಸ್ತಿಲಲ್ಲೇ ನಿಂತು ಪರದೆ ನೋಡಿದರು.

"ಏನವ್ವಾ ಇದು, ಎಲ್ಲಾ ನೀಲಿ ಆಗೋಗಿದೆ?"

ನನಗೆ ಹೆಮ್ಮೆ. "ಹೂಂ, ನೆನ್ನೆ ಮಾಡ್ದೆ."

"ಎಲ್ಲಾನೂವಾ?"

"ಒಂದೂ ಬಿಟ್ಟಿಲ್ಲ."

ಅವರು ತಮಗೆ ಬೇಕಾದ ಫ್ಲಾಪಿಯನ್ನೂ ಕೇಳದೆ ಹಾಗೆಯೇ ಹಿಂದೆ ಸರಿದು ಹೋದರು. ಏನೋ ಅರ್ಜೆಂಟು ಇರಬೇಕು ಎಂದುಕೊಂಡೆ. ಅರ್ಜೆಂಟೇ ಇತ್ತು, ಮೂಲೆಯ ಟೀ ಹೋಟೆಲಿಗೆ ಹೋಗಿ, ಮಾಸ್ಟರ ಡಿಸೈನುಗಳನ್ನೆಲ್ಲ ಯಾವುದೋ ಒಂದೇ ಪಾರ್ಟಿ ತನಗೊಬ್ಬನಿಗೇ ಅಂತ ಹಿಡಿದುಬಿಟ್ಟಿದೆ ಎಂದು ಹೇಳುವ ಅರ್ಜೆಂಟು.

ಒಂದು ಗಂಟೆಯೊಳಗೆ ಅಂಗಡಿಯ ಮುಂದೆ ಏಳೆಂಟು ಜನ ಸೇರಿದರು.

"ಸೂರತ್‌ನೋರಂತೆ ಕಣಪ್ಪ, ಲಾರಿ ತಂದಿದ್ರಂತೆ."

"ಡಿಸೈನ್ ಒಯ್ಯಕ್ಕೆ ಲಾರಿ ಯಾತಕ್ಲಾ?"

"ನಂಗೇನ್ ಗೊತ್ತು? ನಾನ್ ಕೇಳಿದ್ ಹೇಳ್ದೆ."

"ಏನ್ ಮಾಸ್ಟ್ರೇ, ವರಮಹಾಲಕ್ಷ್ಮಿ ಹಬ್ಬ ಎದುರಿಗಿಟ್ಕೊಂಡು ಹಿಂಗಾ ಮಾಡೋದು? ನಾವು ಬರೀ ಗೆರೆ ಹಾಕಿ ಸೀರೆ ನೇಯೋಣ್ವಾ?"

ಮಾಸ್ಟರಿಗೆ ತಲೆಬುಡ ತಿಳಿಯಲಿಲ್ಲ. ಆದರೂ ತಮ್ಮ ಡಿಸೈನುಗಳಿಗೆ ಸೂರತ್ತಿನಿಂದ ಲಾರಿ ಬಂದಿತ್ತು ಎಂಬ ಮಾತು ಅವರ ಮುಖಕ್ಕೆ ಒಂದು ಕಳೆ ತಂದದ್ದನ್ನು ನಾನು ಕಂಡೆ. ತಕ್ಷಣ ಅಲ್ಲಗಳೆಯಲು ಅವರಿಗೆ ಮನಸ್ಸು ಬರಲಿಲ್ಲ. "ನಿಧಾನವಾಗಿ ಮಾತಾಡಣ," ಎಂದು ಗಂಭೀರವಾಗಿ ಹೇಳಿ ಕನ್ನಡಕ ಒರೆಸಿಕೊಳ್ಳತೊಡಗಿದರು.

ಅಷ್ಟರಲ್ಲಿ ಮಾವಿನಕಾಯಿ ಅಂಚಿನವರು ಬಂದರು.

ಅವರದು ನಾಲ್ಕು ಮಗ್ಗ, ಮನೆಯ ಮುಂಭಾಗದಲ್ಲೇ. ಮಿತಭಾಷಿ. ಸದಾ ಕೂದಲಲ್ಲಿ ದಾರದ ಧೂಳು. ಹಿಂದಿನ ವರ್ಷ ಬೇರೆ ಕಡೆಯಿಂದ ಗಿಳಿಯ ಅಂಚು ತಂದು ನೇಯುತ್ತಿದ್ದರು. ಹಬ್ಬಕ್ಕೆ ಹದಿನೈದು ದಿನ ಇರುವಾಗ ಅದೇ ಗಿಳಿ ಅವರದೇ ಬೀದಿಯ ಮೂರು ಮನೆಯಲ್ಲಿ ಹಾರಾಡಿತು. ಸೀರೆಗಳು ಮೂಲೆ ಸೇರಿದವು. ಈ ವರ್ಷ ಅದಕ್ಕೇ ನಮ್ಮಲ್ಲಿ ಬಂದು, ಒಂದು ಬೆಳಗೆಲ್ಲ ಕೂತು ನೋಡಿ, ಮಾವಿನಕಾಯಿ ಆರಿಸಿ, ನೀಲಿ ದಾರ ಕಟ್ಟಿಸಿಕೊಂಡು ಹೋಗಿದ್ದರು. ಅಮ್ಮನವರು ಗಂಟು ಹಾಕುವಾಗ, "ಇನ್ನೊಂದು ಸುತ್ತು ಹಾಕಿ," ಎಂದು ಕೇಳಿದ್ದು ನನಗೆ ನೆನಪಿದೆ. ಇನ್ನೊಬ್ಬ ಪುಕ್ಕಲನನ್ನು ಗುರುತಿಸುವುದು ನನಗೆ ಕಷ್ಟವಲ್ಲ.

ಅವರು ಗುಂಪಿನೊಂದಿಗೆ ಕೂಗಾಡಲಿಲ್ಲ. ನೇರ ಪರದೆಯ ಹತ್ತಿರ ಬಂದು, ಬಗ್ಗಿ, ಹೆಸರುಗಳ ಸಾಲಿನಲ್ಲಿ ತಮ್ಮದನ್ನು ಹುಡುಕಿದರು. ಇಂಗ್ಲಿಷ್ ಅಕ್ಷರದಲ್ಲಿ ಮಾವು, ಮುಂದೆ ಏಳು ಎಂಬ ಅಂಕೆ. ಅದೂ ನೀಲಿ, ಅದರ ಮೇಲಿನದೂ ನೀಲಿ, ಕೆಳಗಿನದೂ ನೀಲಿ.

"ಎಲ್ಲಾದಕ್ಕೂ ದಾರ ಕಟ್ಬಿಟ್ರೆ ನಂದಕ್ಕೆ ಕಟ್ಟಿದ್ದು ಏನಾಯ್ತು?" ಎಂದರು. "ನಾಕು ಮಗ್ಗ ನಿಲ್ಸಿ ಬಂದಿದೀನಿ ಮಾಸ್ಟ್ರೇ. ನೀವು ಹೇಳೋವರ್ಗೂ ಹಾಕಲ್ಲ."

ಆಗಲೇ ನನಗೆ ಹೊಳೆದದ್ದು. ತಲೆ ಎತ್ತಿ ಗೋಡೆ ನೋಡಿದೆ, ಪರದೆ ನೋಡಿದೆ, ಎರಡೂ ಒಂದೇ ನೀಲಿ. ಗಡಿಬಿಡಿಯಲ್ಲಿ ಎಲ್ಲರಿಗೂ ವಿವರಿಸಲು ಹೊರಟೆ: ಇದು ದಾರ ಅಲ್ಲ, ಫೈಲನ್ನು ಮಡಚಿಟ್ಟಿದ್ದೇನೆ, ಮಡಚಿದ್ದು ನೀಲಿ ಕಾಣುತ್ತದೆ, ಜಾಗ ಉಳಿಯಲಿ ಎಂದು...

"ಮಡ್ಚಿದ್ರೆ ಮಡ್ಚಿದಂಗೆ ಕಾಣ್ಬೇಕಪ್ಪಾ. ನೀಲಿ ಯಾಕ್ ಕಾಣತ್ತೆ?" ಎಂದು ಟೀ ಹೋಟೆಲಿನ ಸುದ್ದಿಗಾರರು ಕೇಳಿದರು.

"ನೋಡಿ, ತೆಗ್ದೇ ಬಿಡ್ತೀನಿ," ಎಂದು ವ್ಯೂ ಮೆನು ತೆರೆದೆ, ಆಪ್ಶನ್ಸ್ ಒತ್ತಿದೆ, ಆ ಚೌಕದ ಟಿಕ್ಕನ್ನು ಎಲ್ಲರೆದುರೇ ತೆಗೆದೆ. ಹೆಸರುಗಳೆಲ್ಲ ಒಂದೇ ಏಟಿಗೆ ಕಪ್ಪಾದವು.

ಗುಂಪು "ಹಾ!" ಎಂದಿತು. ನಾನು ಗೆದ್ದೆ ಎಂದುಕೊಂಡು ತಿರುಗಿದೆ. ಮಾವಿನಕಾಯಿಯವರ ಮುಖ ಬಿಳಿಚಿಕೊಂಡಿತ್ತು.

"ನಂದೂ ಬಿಚ್ಬಿಟ್ಯಲ್ಲಮ್ಮಾ!"

"ಇಲ್ಲ ಸಾರ್, ಅದು ಬರೀ ಬಣ್ಣ..."

"ಇವ್ರೆಲ್ಲಾರ್ ಎದುರ್ಗೇ ಬಿಚ್ಬಿಟ್ಯಲ್ಲ!"

ಸುತ್ತ ನಿಂತವರಲ್ಲಿ ಇಬ್ಬರ ಕಣ್ಣು ಆಗಲೇ ಆ ಹೆಸರಿನ ಮೇಲೆ ನೆಟ್ಟಿತ್ತು. ಗಾಬರಿಯಲ್ಲಿ ಮತ್ತೆ ಟಿಕ್ ಹಾಕಿದೆ. ಎಲ್ಲ ನೀಲಿ. "ಲೇ, ಮತ್ತೆ ಸೂರತ್‌ಗೆ ಹೋಯ್ತು!" ಎಂದು ಹಿಂದಿನಿಂದ ಒಬ್ಬರು. ತೆಗೆದೆ. ಎಲ್ಲ ಕಪ್ಪು. "ವಾಪಸ್ ಬಂತು ಗುರು!" ಬೀದಿಯಲ್ಲಿ ನಗು. ಆ ಚೌಕಕ್ಕೆ ಗೊತ್ತಿದ್ದುದು ಎರಡೇ: ಎಲ್ಲವನ್ನೂ ತೋರಿಸುವುದು, ಇಲ್ಲವೇ ಯಾವುದನ್ನೂ ತೋರಿಸದಿರುವುದು. ಈ ಮನುಷ್ಯನಿಗೆ ಬೇಕಾಗಿದ್ದುದು ಮೂರನೆಯದು.

ಮಾಸ್ಟರು ಗೋಡೆಯ ಕಡೆ ಕೈ ತೋರಿಸಿ, "ನೋಡಪ್ಪಾ, ನಿನ್ನ ಕಟ್ಟು ಅಲ್ಲೇ ಇದೆ, ದಾರಾನೂ ಇದೆ. ಕಂಪ್ಯೂಟ್ರು ಏನಾರ ತೋರಿಸ್ಕೊಳ್ಳಿ," ಎಂದರು.

ಮಾವಿನಕಾಯಿಯವರು ಗೋಡೆ ನೋಡಲೇ ಇಲ್ಲ. "ಮೊಳೆ ಈಗ ಯಾರ್ ನೋಡ್ತಾರೆ ಮಾಸ್ಟ್ರೇ? ಮೊದ್ಲು ಆ ಕಟ್ಟು ಇಳಿಸ್ದೆ ಇನ್ನೊಂದು ಮಾಡಕ್ಕಾಗ್ತಿರ್ಲಿಲ್ಲ, ಇಳಿಸ್ಬೇಕಾರೆ ದಾರ ಕಣ್ಗೆ ಬೀಳೋದು. ಈಗ ಈ ಹುಡ್ಗಿ ಒಂದು ಬೆರಳು ಒತ್ತಿ ಫ್ಲಾಪಿಗೆ ಹಾಕ್ಕೊಟ್ರೆ ಮುಗೀತು. ದಾರ ಮೊಳೇಲೇ ಇರ್ತದೆ, ಮಾವಿನಕಾಯಿ ಊರೆಲ್ಲಾ ಇರ್ತದೆ."

ಅಷ್ಟು ಉದ್ದ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ನನಗಂತೂ ಕೂತ ಕುರ್ಚಿಯೇ ಬಿಸಿಯಾಯಿತು, ಯಾಕೆಂದರೆ ಅವರು ಹೇಳಿದ್ದು ನಿಜ, ಮತ್ತು ಎಷ್ಟು ನಿಜ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಹಿಂದಿನ ತಿಂಗಳು ಒಬ್ಬರು ತಾವರೆಯ ಸೆರಗು ಕೇಳಿದಾಗ ನಾನು ಗೋಡೆಯ ಕಡೆ ತಿರುಗದೆ ಫ್ಲಾಪಿಗೆ ಹಾಕಿಬಿಟ್ಟಿದ್ದೆ. ಅವರ ಕೈಗೆ ಕೊಡುವ ಹೊತ್ತಿಗೆ ದಾರ ಕಣ್ಣಿಗೆ ಬಿದ್ದು, ಫ್ಲಾಪಿ ಕೆಟ್ಟಿದೆ ಎಂದು ಸುಳ್ಳು ಹೇಳಿ ಕಿತ್ತುಕೊಂಡಿದ್ದೆ. ಆ ರಾತ್ರಿ ನಿದ್ದೆ ಬಂದಿರಲಿಲ್ಲ. ಆದರೂ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಮಾನಿಟರ್ ಆರಿಸುವ ಸಿದ್ಧಾಂತ ಅಲ್ಲೂ ಕೆಲಸ ಮಾಡಿತ್ತು.

ಈಗ ಬಾಯಿ ಬಿಟ್ಟೆ. ಎಲ್ಲರೆದುರಿಗೆ ಅಲ್ಲ, ಅಷ್ಟು ಧೈರ್ಯ ಇರಲಿಲ್ಲ. ಗದ್ದಲ ಕೇಳಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಅಮ್ಮನವರ ಕಿವಿಯಲ್ಲಿ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪರದೆಯ ಹತ್ತಿರ ಬಂದರು.

"ಈ ನೀಲಿ ಮಡ್ಚಿದ್ದಕ್ಕೆ ಮಾತ್ರ ಬರತ್ತಾ?"

"ಹೂಂ ಅಮ್ಮ."

"ಹಂಗಾರೆ ಇವ್ರುದ್ದು, ಇನ್ನು ಆ ದಾರ ಕಟ್ಟಿರೋವು, ಅಷ್ಟನ್ನ ಮಾತ್ರ ಮಡ್ಚು. ಮಿಕ್ಕಿದ್ದನ್ನ ಬಿಚ್ಚಿಡು. ಅದಕ್ಕೇನ್ ಕಷ್ಟ?"

ಹಾಸಿಗೆ ಮಡಚುವವರ ಲೆಕ್ಕ ಎಷ್ಟು ಸರಳ! ಕಂಪ್ರೆಸ್ ಇರುವುದು ಜಾಗ ಉಳಿಸಲು. ಅದನ್ನು ಗುರುತು ಹಾಕಲು ಬಳಸುವುದೆಂದರೆ ಕೋರ್ಸಿನ ಮೇಷ್ಟ್ರು ನನ್ನ ಸರ್ಟಿಫಿಕೇಟು ವಾಪಸ್ ಕೇಳುವಂಥ ಕೆಲಸ. ಜಾಗದ ಗತಿಯೇನು ಎಂದೂ ಯೋಚನೆಯಾಯಿತು. ಆಮೇಲೆ ನೆನಪಾಯಿತು, ಹೆಚ್ಚು ಜಾಗ ತಿನ್ನುತ್ತಿದ್ದುದು ಹಳೆಯ ಸ್ಕ್ಯಾನುಗಳು. ಅವು ಬೇರೆ ಫೋಲ್ಡರಿನಲ್ಲಿದ್ದವು, ಗಿರಾಕಿಗಳ ಕಣ್ಣಿಗೆ ಬೀಳುವವಲ್ಲ. ಅವು ಮಡಚಿಕೊಂಡೇ ಬಿದ್ದಿರಲಿ. ಗಿರಾಕಿಗಳಿಗೆ ತೋರಿಸುವ ಡಿಸೈನ್ ಫೋಲ್ಡರ್ ಒಂದನ್ನು ಬಿಚ್ಚಿದರೆ ಸಾಕು.

ಕೆಲಸ ಶುರುಮಾಡಿದೆ. ಒಂದೊಂದೇ ಫೈಲಿನ ಮೇಲೆ ರೈಟ್ ಕ್ಲಿಕ್ಕು, ಪ್ರಾಪರ್ಟೀಸು, ಕಂಪ್ರೆಸ್ಡ್ ಎಂಬಲ್ಲಿನ ಟಿಕ್ ತೆಗೆಯುವುದು, ಓಕೆ. ಒಟ್ಟಿಗೆ ಆರಿಸಿ ಒಂದೇ ಸಲ ಮಾಡಬಹುದಿತ್ತು. ಆದರೆ ಒಟ್ಟಿಗೆ ಮಾಡಿ ಒಟ್ಟಿಗೇ ಕೆಟ್ಟುಹೋದರೆ ಎಂದು ಹೆದರಿ ಒಂದೊಂದಾಗಿಯೇ ಮಾಡಿದೆ. ಅಮ್ಮನವರು ಗೋಡೆಯ ಬಳಿ ನಿಂತು ಕಟ್ಟುಗಳನ್ನು ಒಂದೊಂದಾಗಿ ಮುಟ್ಟಿ ಕೂಗುತ್ತಿದ್ದರು: "ಹಂಸ ಮೂರು, ದಾರ ಇಲ್ಲ, ಬಿಚ್ಚು. ರುದ್ರಾಕ್ಷಿ, ಇಲ್ಲ, ಬಿಚ್ಚು. ತಾವರೆ, ಐತೆ. ಮುಟ್ಬೇಡ." ತಾವರೆಯ ಹೆಸರು ಹೇಳುವಾಗ ನನ್ನ ಕಡೆ ಒಂದು ನೋಟ ಬಂತು. ಮಾವಿನಕಾಯಿಯವರು ನನ್ನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಕಣ್ಣು ಮಿಟುಕಿಸದೆ ಕಾದರು. ಪ್ರತಿ ಓಕೆಗೂ ಒಂದು ನೀಲಿ ಹೆಸರು ಕಪ್ಪಾಗುವುದು, ಅವರು ಮೆಲ್ಲಗೆ "ಹೂಂ" ಎನ್ನುವುದು. ಗುಂಪು ಕರಗಿ ಮೂವರು ಉಳಿದರು. ಅವರಿಗೂ ಇದು ಒಳ್ಳೆಯ ಆಟವೆನ್ನಿಸಿ, ಮುಂದಿನದು ಬೇಗ ಕಪ್ಪಾಗುತ್ತದೋ ನಿಧಾನವೋ ಎಂದು ಪಂದ್ಯ ಕಟ್ಟಿದರು.

ಮಧ್ಯದಲ್ಲಿ ಕರೆಂಟು ಹೋಯಿತು. ಇಡೀ ಬೀದಿಯ ಮಗ್ಗಗಳ ಸದ್ದು ಒಟ್ಟಿಗೇ ನಿಂತಿತು. ನಮ್ಮ ಯುಪಿಎಸ್ಸು ಕೀಂ ಕೀಂ ಎಂದು ಅಳತೊಡಗಿತು. ಅರ್ಧ ಬಿಚ್ಚಿದ ಫೈಲಿನ ಗತಿ ಏನು? ಅದು ಹಾಸಿಗೆಯೂ ಅಲ್ಲದೆ ಸುರುಳಿಯೂ ಅಲ್ಲದೆ ಹೋದರೆ? ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಿದೆ. ಎಲ್ಲರೂ ಕತ್ತಲೆಯ ಪರದೆಯನ್ನೇ ನೋಡುತ್ತ ಕೂತೆವು. ಅಮ್ಮನವರು ಎಲ್ಲರಿಗೂ ಮಜ್ಜಿಗೆ ಕೊಟ್ಟರು.

"ಹೋಗಿ ಊಟ ಮಾಡ್ಕೊಂಡ್ ಬನ್ನಿ," ಎಂದು ಮಾಸ್ಟರು ಮಾವಿನಕಾಯಿಯವರಿಗೆ ಹೇಳಿದರು.

"ಇಲ್ಲ, ಇರ್ಲಿ. ಕರೆಂಟ್ ಬಂದಾಗ ನಂದು ಕಪ್ಪಾಗಿದ್ರೆ?"

"ಆಗಲ್ಲ ಸಾರ್," ಎಂದೆ. ನನ್ನ ದನಿಯಲ್ಲಿ ನನಗೇ ನಂಬಿಕೆಯಿರಲಿಲ್ಲ. ಅವರೂ ನಂಬಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಸಣ್ಣಗೆ ನಕ್ಕೆವು.

ಕರೆಂಟು ಬಂದದ್ದು ಮೂರು ಗಂಟೆಯ ಮೇಲೆ. ನೀಲಿಯಿದ್ದದ್ದು ನೀಲಿಯಾಗಿಯೇ ಇತ್ತು. ನಾಲ್ಕೂವರೆಯ ಹೊತ್ತಿಗೆ ಕೆಲಸ ಮುಗಿಯಿತು. ಪರದೆಯ ಮೇಲೆ ಉದ್ದಕ್ಕೂ ಕಪ್ಪು ಹೆಸರುಗಳು, ನಡುನಡುವೆ ಏಳೇ ಏಳು ನೀಲಿ. ಅಮ್ಮನವರು ಮೊಳೆಗಳ ಮೇಲಿನ ದಾರಗಳನ್ನು ಎಣಿಸಿದರು, ಅವೂ ಏಳು. ಮಾವಿನಕಾಯಿಯವರು ಬೆರಳು ಚಾಚಿ ತಮ್ಮ ಹೆಸರನ್ನು ಮುಟ್ಟಲು ಹೋದರು, ಗಾಜು ಚಟ್ ಎಂದು ಸಣ್ಣ ಶಾಕ್ ಕೊಟ್ಟಿತು. ಬೆಚ್ಚಿ ಕೈ ಹಿಂದೆಗೆದು, "ಪರ್ವಾಗಿಲ್ಲ, ಗಟ್ಟಿಯಾಗೈತೆ," ಎಂದರು.

ಹಿಂದೆ ನಿಂತಿದ್ದ ಸುದ್ದಿಗಾರರು, "ಏನವ್ವಾ, ಆ ಮಾವು ಏಳು ಒಂದು ಫ್ಲಾಪಿಗೆ ಹಾಕ್ಕೊಡು, ನೋಡಣ," ಎಂದು ಕಣ್ಣು ಹೊಡೆದರು.

"ನೀಲಿ ಐತೆ, ಆಗಲ್ಲ," ಎಂದೆ.

ಇಷ್ಟು ಖಡಾಖಂಡಿತವಾಗಿ ನಾನು ಯಾರಿಗೂ ಯಾವುದನ್ನೂ ನಿರಾಕರಿಸಿದವಳಲ್ಲ. ಮಾವಿನಕಾಯಿಯವರು ಆ ಮಾತು ಕೇಳಲೆಂದೇ ಬೆಳಗಿನಿಂದ ಕೂತಿದ್ದವರಂತೆ ಎದ್ದು, ಪಂಚೆ ಕೊಡವಿಕೊಂಡು, "ಮಗ್ಗ ಹಾಕ್ತೀನಿ," ಎಂದು ಹೊರಟರು.

ಅವರು ಮಗ್ಗ ಹಾಕಿದರು, ಸರಿ. ಆದರೆ ಮಾರನೆಯ ಬೆಳಗ್ಗೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. "ಒಂದ್ ಸಲ ತೋರ್ಸಮ್ಮ." ತೋರಿಸಿದೆ. ಹೋದರು. ಅದರ ಮಾರನೆಯ ದಿನವೂ. ಹಬ್ಬ ಮುಗಿಯುವವರೆಗೂ ದಿನಾ ಬಂದರು. ಮಾಸ್ಟರು ತಲೆ ಚಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಒಂದು ದಿನವೂ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಅವರು ಬರುವುದಕ್ಕೆ ಮುಂಚೆಯೇ ಒಂದು ಸಲ ನೋಡಿಕೊಂಡುಬಿಡೋಣ ಎಂದು ನಾನು ಒಂದು ಬಸ್ಸು ಬೇಗ ಹಿಡಿಯತೊಡಗಿದ್ದೆ.

ಹಬ್ಬವಾದ ಮೂರನೆಯ ದಿನ ಅವರು ಬಂದಾಗ ಪರದೆಯ ಕಡೆ ನೋಡಲಿಲ್ಲ. ಕೂದಲಲ್ಲಿ ಧೂಳಿರಲಿಲ್ಲ, ಅಂಗಿಗೆ ಇಸ್ತ್ರಿಯಾಗಿತ್ತು. ಸೀರೆಗಳೆಲ್ಲ ಹೋದವಂತೆ, ಒಂದೂ ಉಳಿಯಲಿಲ್ಲವಂತೆ. ಆರು ತಿಂಗಳಿಗೆ ಇನ್ನೂ ಬಹಳ ದಿನ ಬಾಕಿಯಿತ್ತು.

"ಅಮ್ಮಾ, ಬಿಚ್ಬಿಡಿ. ಬೇರೆಯೋರೂ ನೇಯ್ಲಿ. ನಂಗೆ ಹೊಸ್ದು ತೋರ್ಸಿ," ಎಂದರು.

ಅಮ್ಮನವರು ಮೊಳೆಯಿಂದ ಕಟ್ಟು ಇಳಿಸಿ ಗಂಟಿಗೆ ಉಗುರು ಹಾಕಿದರು. ಇನ್ನೊಂದು ಸುತ್ತು ಹಾಕಿಸಿಕೊಂಡಿದ್ದ ಗಂಟು, ಸುಲಭಕ್ಕೆ ಬರಲಿಲ್ಲ. ಅವರು ಹಲ್ಲಿನಿಂದ ಎಳೆಯುತ್ತಿರುವಾಗಲೇ ಇತ್ತ ನಾನು ಟಿಕ್ ತೆಗೆದು ಓಕೆ ಒತ್ತಿ ಮುಗಿಸಿದ್ದೆ.

"ಅಷ್ಟೇನಾ?" ಎಂದು ಮಾವಿನಕಾಯಿಯವರು ಕಪ್ಪಾದ ಹೆಸರನ್ನು ಬಗ್ಗಿ ನೋಡಿದರು.

"ಅಷ್ಟೇ ಸಾರ್."

"ನಂದೂ ಇಷ್ಟು ಸಲೀಸಾಗಿ ಬಿಚ್ಕೊಳ್ತದೆ ಅಂತ ಮೊದ್ಲೇ ಗೊತ್ತಿದ್ದಿದ್ರೆ, ದಿನಕ್ಕೆ ಎರಡು ಸಲ ಬಂದು ನೋಡ್ಬೇಕಾಗಿತ್ತು ಕಣಮ್ಮಾ," ಎಂದು ಹೇಳಿ, ಸ್ಟೂಲ್ ಎಳೆದುಕೊಂಡು ಕೂತು, ಹೊಸ ಡಿಸೈನುಗಳನ್ನು ಮೊದಲಿನಿಂದ ತೋರಿಸಲು ಹೇಳಿದರು.